ತಿರುಗಿ ಹಾಕಿದ ಬುರುಗು

ನನ್ನ ಸಿಟ್ಟು ಇಳಕಲ್ಲಿನಲ್ಲಿ ಎಲ್ಲರಿಗೂ ಗೊತ್ತು. ಹನಮಂತಪ್ಪ ಮುಕಾದಮ ಬಂದನೆಂದರೆ ಕಾರ್ಖಾನೆಯ ಆಳುಗಳು ಸೇದುತ್ತಿದ್ದ ಬೀಡಿಯನ್ನೇ ನುಂಗಿಬಿಡುತ್ತಿದ್ದರು ಎಂದು ಈಗಲೂ ಚಹಾದಂಗಡಿಯಲ್ಲಿ ನಗುತ್ತಾರೆ. ನಗಲಿ, ನನಗೇನು. ಆದರೆ ಆ ಸಿಟ್ಟೆಲ್ಲ ಕೆಳಗಿನವರ ಮೇಲೆ ಮಾತ್ರ ಹರಿಯುತ್ತಿತ್ತು, ಮೇಲಿನವರ ಎದುರು ನನ್ನ ಬಾಯಿಗೆ ಬೀಗ ಬೀಳುತ್ತಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಅದನ್ನು ನಾನೇ ಹೇಳಬೇಕು. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ನಮ್ಮದು ಬಾದಾಮಿ ಹತ್ತಿರದ ಹಳ್ಳಿ. ಅಪ್ಪ ಕುರಿ ಕಾಯ್ದವನು, ಮನೆದೇವರು ಬೀರಪ್ಪ. ನಾನು ಬಾಗಲಕೋಟೆಯಲ್ಲಿ ಎರಡು ವರ್ಷ ಯಂತ್ರದ ಕೆಲಸ ಕಲಿತು, ಎಪ್ಪತ್ತಾರನೇ ಇಸವಿಯಲ್ಲಿ ಇಳಕಲ್ಲಿಗೆ ಬಂದು ಅಂದಾನಪ್ಪ ಸಾಹುಕಾರರ ಬಣ್ಣದ ಕಾರ್ಖಾನೆ ಸೇರಿದೆ. ಸೀರೆಯ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಮೂರು ವರ್ಷಕ್ಕೆ ಆಳುಗಳ ಮೇಲಿನ ಮುಕಾದಮನಾದೆ. ಡಬ್ಬಿಯಲ್ಲಿ ಬರುವ ಪುಡಿ ಬಣ್ಣ, ಕಾಸ್ಟಿಕ್ ಸೋಡಾ, ಎಣ್ಣೆ, ಸಾಬೂನು, ಇಷ್ಟರಲ್ಲೇ ನಮ್ಮ ಬದುಕು. ಕೆಂಪು ಹಾಕಿದ ನೂಲನ್ನು ಸಾಬೂನಿನ ಬಿಸಿನೀರಿನಲ್ಲಿ ತೊಳೆದರೆ ನೂಲಿಗೆ ಹಿಡಿಯದೆ ಉಳಿದ ಬಣ್ಣವೆಲ್ಲ ನೀರಿಗೆ ಬರುತ್ತದೆ. ಆ ನೀರು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ. ಹಳ್ಳದ ದಂಡೆಗೆ ನೂಲಿಗೆ ನೀಲಿ ಹಾಕುವ ನೀಲಗಾರರ ಓಣಿ, ಓಣಿಯ ನಡುವೆ ಅವರೆಲ್ಲ ಕುಡಿಯುವ ನೀರಿನ ಬಾವಿ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಆ ಬಾವಿಯ ನೀರು ಕೆಂಪಗಾಯಿತು. ಕಡುಗೆಂಪೇನಲ್ಲ, ಕುಂಕುಮದ ಕೈ ಅದ್ದಿದಷ್ಟು. ಆ ಓಣಿಯ ಮಾಬುಬಿ ಬಾಯಿಗೆ ಹೆಸರಾದವಳು. ಒಂದು ಕೊಡ ನೀರು ಹೊತ್ತು ನೇರ ಕಾರ್ಖಾನೆಯ ಬಾಗಿಲಿಗೆ ಬಂದು ನನ್ನ ಕಾಲ ಮೇಲೆ ಸುರಿದುಬಿಟ್ಟಳು.

“ಕುಡಿ ಮುಕಾದಮ, ಕುಡಿ! ಮನಿಗೂ ಒಂದು ತಂಬಿಗಿ ಒಯ್ಯಿ, ನಿನ್ನ ಮಕ್ಕಳಿಗೆ ಕುಡಸು! ನಮ್ಮ ಹುಡುಗ್ರಿಗೆ ನಾಕ ದಿನದಿಂದ ಹೊಟ್ಟಿ ನಿಂತಿಲ್ಲ, ದವಾಖಾನಿ ಕಟ್ಟಿ ಹತ್ತಿ ಇಳದು ಸಾಕಾಗೇತಿ!”

“ಏನ ನಾ ಬಾವಿಗೆ ಬಣ್ಣ ಹಾಕೇನೇನು? ನಡಿ ಇಲ್ಲಿಂದ!” ಎಂದು ನಾನು ಓಣಿಗೇ ಕೇಳುವ ಹಾಗೆ ಕೂಗಾಡಿದೆ. ಆಮೇಲೆ ಒಳಗೆ ಹೋಗಿ ಸಾಹುಕಾರರ ಮುಂದೆ ಕೈಕಟ್ಟಿ ನಿಂತು, “ಮಾಬುಬಿ ಬಂದಿದ್ದಳ್ರಿ, ನೀರಿನ ಸಲುವಾಗಿ” ಎಂದಷ್ಟೇ ಹೇಳಿದೆ. ನಾನು ಅಂಥವನು.

ವಾರದೊಳಗೆ ಹುನಗುಂದದಿಂದ ಅಧಿಕಾರಿಯೊಬ್ಬರು ಬಂದರು. ಬಾವಿ ನೋಡಿದರು, ಹಳ್ಳ ನೋಡಿದರು. ನೀರು ಶುದ್ಧ ಮಾಡುವ ಏರ್ಪಾಟು ಶುರುವಾದ ದಿನದಿಂದ ಒಂದು ತಿಂಗಳು ಟೈಮು ಕೊಟ್ಟರು. ತಿಂಗಳೊಳಗೆ ಕಾರ್ಖಾನೆಯಿಂದ ಹೊರಬೀಳುವ ನೀರು ತಿಳಿಯಾದರೆ ಬಾವಿಯೂ ಮೆಲ್ಲಗೆ ತಿಳಿಯಾದೀತು, ಇಲ್ಲವಾದರೆ ಬಾವಿಗೆ ಕಲ್ಲು ತುಂಬಿಸುವುದು, ಮಕ್ಕಳನ್ನು ಸಾಯಿಸಲಿಕ್ಕಾಗುವುದಿಲ್ಲ ಎಂದರು. ಕಾರ್ಖಾನೆ ಮುಚ್ಚಿರಿ ಎಂದು ಓಣಿಯವರು ಕೂಡ ಕೇಳಲಿಲ್ಲ. ಮನೆಮನೆಯಲ್ಲೂ ಮಗ್ಗ ಇತ್ತು, ಮಗ್ಗಕ್ಕೆ ನಮ್ಮ ನೂಲೇ ಬೇಕಾಗಿತ್ತು. ಅವರು ಕೇಳಿದ್ದು ಬಾವಿ ಉಳಿಸಿರಿ ಎಂದು ಮಾತ್ರ.

ಸಾಹುಕಾರರು ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಸಂಗಯ್ಯ ಮಾಸ್ತರನ್ನು ಕರೆಸಿದರು. ಸಣಕಲು ಮನುಷ್ಯ, ಮಾತು ಮೆಲ್ಲಗೆ, ಆದರೆ ಕಣ್ಣಿಗೆ ಒಂದೂ ತಪ್ಪುತ್ತಿರಲಿಲ್ಲ. ಹಿತ್ತಲಲ್ಲಿ ಎದೆಮಟ್ಟದ ಒಂದು ಇಟ್ಟಂಗಿಯ ಟಾಕಿ ಕಟ್ಟಿಸಿದರು. ತಳದಲ್ಲಿ ಪೈಪು, ಪೈಪಿನ ತುದಿಗೆ ಸಣ್ಣ ಸಣ್ಣ ತೂತಿನ ಕಲ್ಲು, ಹೊರಗೆ ಗಾಳಿ ಊದುವ ಒಂದು ಮೋಟಾರು. ಪಕ್ಕದಲ್ಲಿ ಒಂದು ಕುಣಿ ತೋಡಿಸಿದರು.

“ಈ ಕೆಂಪು ನೀರಾಗ ಕರಗಿಲ್ಲ” ಎಂದು ನನಗೆ ತಿಳಿಸಿ ಹೇಳಿದರು. “ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ತೇಲಾಡಕತ್ತೈತಿ. ಪಟಿಕ ಹಾಕಿದ್ರ ಆ ಪುಡಿ ಒಂದಕ್ಕೊಂದು ಹತ್ತಿಕೊಂಡು ಅಳ್ಳಿಯಂಥ ಸಣ್ಣ ಉಂಡಿ ಆಗತಾವು. ಎಣ್ಣಿ ಸಾಬಾಣ ಹತ್ತಿದ್ದಕ್ಕ ಅವಕ್ಕ ನೀರಿಗಿಂತ ಗಾಳಿ ಮ್ಯಾಲ ಭಾಳ ಪ್ರೀತಿ. ಕೆಳಗಿಂದ ಸಣ್ಣ ಗುಳ್ಳಿ ಬಿಟ್ಟರ ಗುಳ್ಳಿಗೆ ಜೋತುಬಿದ್ದು ಮ್ಯಾಲ ಬರತಾವು. ಮ್ಯಾಲ ಬಂದದ್ದು ಬುರುಗು. ಅದನ್ನ ಹಲಗಿಲೆ ಬಳದು ಕುಣಿಗೆ ಹಾಕೋದು. ಕೆಳಗಿನ ತಿಳಿ ನೀರು ಹೊರಗ ಬಿಡೋದು. ಇಷ್ಟ.”

“ಬುರುಗು ಹಂಗ ಬಿಟ್ಟರೇನಾಗತೈತ್ರಿ?” ಎಂದೆ.

“ಗುಳ್ಳಿ ಒಡದು ಹೊಲಸು ತಿರುಗಿ ಕೆಳಗ ಬೀಳತೈತಿ. ಮತ್ತ ಪಟಿಕದ ಅಳತಿ ಒಂದು ದಿನಾನೂ ತಪ್ಪಬಾರದು ಹನಮಂತಪ್ಪ. ಪಟಿಕ ಕಡಿಮಿ ಆದ್ರ ಪುಡಿ ಪುಡಿಯಾಗೇ ಉಳೀತೈತಿ, ಗುಳ್ಳಿ ಬರೇ ಗುಳ್ಳಿಯಾಗಿ ಮ್ಯಾಲ ಬಂದು ಹೋಗತೈತಿ.”

ಕ್ಷೌರವಾದ ಮೇಲೆ ಗಲ್ಲಕ್ಕೆ ತಿಕ್ಕುವ ಅದೇ ಪಟಿಕ, ಚೀಲಗಟ್ಟಲೆ ತರಿಸಿ ಕೋಣೆಯಲ್ಲಿಟ್ಟೆವು. ಕೋಣೆಯ ಕೀಲಿ ನನ್ನ ಹತ್ತಿರ. ದಿನಾ ಬೆಳಿಗ್ಗೆ ಅಳೆದು ಪೀಪಾಯಿಯಲ್ಲಿ ಕರಗಿಸುವವನು ನಾನು. ಇನ್ನು ಬೇಕಾದದ್ದು ದಿನವಿಡೀ ಟಾಕಿಯ ಮುಂದೆ ಕೂತು ಬುರುಗು ಬಳಿಯುವವನು. ಕಾರ್ಖಾನೆಯ ಆಳುಗಳು, ಹೇಲು ಬಳಿಯುವ ಕೆಲಸ ಕೊಟ್ಟ ಹಾಗೆ ಮೂಗು ಮುರಿದರು. ಆಗ ನನಗೆ ಕಾಶಪ್ಪ ಕಾಕಾ ನೆನಪಾದರು.

ಕಾಶಪ್ಪ ಕಾಕಾ ಆ ಓಣಿಯ ಹಳೆಯ ನೀಲಗಾರರು. ಅರವತ್ತೈದು ದಾಟಿತ್ತು. ಮೊಣಕೈವರೆಗೆ ಎರಡೂ ಕೈ ನೀಲಿ, ಉಗುರು ಕಪ್ಪು. ಅವರ ಪಡಸಾಲೆಯಲ್ಲಿ ಕೊರಳಮಟ್ಟ ನೆಲದಲ್ಲಿ ಹೂತ ನೀಲಿ ಬಣ್ಣದ ಆರು ಮಣ್ಣಿನ ಬಾನಿಗಳಿದ್ದವು. ನಮ್ಮ ಡಬ್ಬಿ ಬಣ್ಣ ಬಂದ ಮೇಲೆ ಐದು ಒಣಗಿ, ಒಂದೇ ಒಂದು ಉಳಿದಿತ್ತು. ಕಪ್ಪು ಚಂದ್ರಕಾಳಿ ಸೀರೆಗೆ ಹಳೇ ನೀಲಿಯೇ ಬೇಕು ಎನ್ನುವ ಕೆಲವು ಮುದುಕಿಯರ ಸಲುವಾಗಿ ಅದನ್ನು ಜೀವಂತ ಇಟ್ಟಿದ್ದರು.

ನಾನು ಕೇಳಲು ಹೋದಾಗ ಬಾನಿಯ ಮುಂದೆ ಕೂತಿದ್ದರು. ಬಾನಿಯ ಮೇಲೆ ತಾಮ್ರದ ಹೊಳಪಿನ ನೀಲಿ ಬುರುಗು ಕಟ್ಟಿತ್ತು. ಅದನ್ನು ಎರಡೂ ಅಂಗೈಯಲ್ಲಿ ಮೆಲ್ಲಗೆ ತೆಗೆದು ಮಣ್ಣಿನ ಬೋಗುಣಿಯಲ್ಲಿ ಇಟ್ಟರು. ಆಮೇಲೆ ನೂಲಿನ ಲಡಿ ಮುಳುಗಿಸಿದರು. ಹಸಿರಾಗಿ ಹೊರಬಂದ ನೂಲು ಗಾಳಿ ಹತ್ತಿದಂತೆ ನೀಲಿಯಾಯಿತು. ಕೆಲಸ ಮುಗಿದ ಮೇಲೆ ಬೋಗುಣಿಯ ಬುರುಗನ್ನು ಹನಿಯೂ ಚೆಲ್ಲದ ಹಾಗೆ ತಿರುಗಿ ಬಾನಿಗೆ ಹಾಕಿದರು.

“ಬಾನಿ ಜೀವ ಇದರಾಗ ಇರತೈತ್ರಿ” ಎಂದರು. “ಚೆಲ್ಲಿದ್ರ ಬಾನಿ ಮುನಿಸಿಕೊಂತೈತಿ. ಮುನಿಸಿಕೊಂಡ್ರ ಬೆಲ್ಲ, ಸುಣ್ಣ ಉಣಿಸಿ ರಮಿಸಬೇಕು. ನಮ್ಮ ಮುತ್ಯಾನ ಕಾಲದಿಂದ ಇದ ಬಾವಿ ನೀರು. ಬ್ಯಾರೆ ನೀರಿಗೆ ಈ ಬಾನಿ ಒಲಿಯೂದಿಲ್ರಿ.”

ನಾನು ಅದನ್ನೆಲ್ಲ ಕಣ್ಣಾರೆ ನೋಡಿದೆ, ಕಿವಿಯಾರೆ ಕೇಳಿದೆ. ಮಂಗ್ಯಾನಂಥ ನನ್ನ ತಲೆಗೆ ಒಂದಿಷ್ಟೂ ಹೊಳೆಯಲಿಲ್ಲ. ಬಾವಿ ಉಳಿಸುವ ಕೆಲಸ ಎಂದು ಹೇಳಿದ್ದೇ ತಡ, ಕಾಕಾ ಎದ್ದು ನಿಂತು ರುಮಾಲು ಸುತ್ತಿಕೊಂಡರು. ಪಗಾರ ಎಷ್ಟೆಂದೂ ಕೇಳಲಿಲ್ಲ. ಅವರ ಹೆಂಡತಿ ಸಿದ್ದಲಿಂಗವ್ವ ಒಳಗಿನಿಂದ, “ಹೋಗಿ ಬರ್ರಿ. ಬಾವಿ ಹೋದ್ರ ಈ ಮುಪ್ಪಿನ್ಯಾಗ ನನಗ ಕೊಡ ಹೊತ್ತು ಊರ ಆಚೆ ತಿರಗಾಕ ಆಗೂದಿಲ್ಲ” ಎಂದಳು.

ಮೊದಲ ದಿನ ಸೋಮವಾರ. ಸಂಗಯ್ಯ ಮಾಸ್ತರು ಮುಂದೆ ನಿಂತು ತೋರಿಸಿದರು. ಗಾಳಿ ಬಿಟ್ಟ ಸ್ವಲ್ಪ ಹೊತ್ತಿಗೆ ಟಾಕಿಯ ಮೇಲೆ ನಾಲ್ಕು ಬೆರಳು ದಪ್ಪ ಕೆಂಪು ಬುರುಗು ಕಟ್ಟಿತು. ಕಾಕಾ ಬೆರಳಲ್ಲಿ ಒಂದಿಷ್ಟು ತೆಗೆದು ಮೂಸಿ ನೋಡಿದರು.

“ಇದನ್ನ ಎಲ್ಲಿ ಇಡೂದ್ರಿ?”

“ಇಡೂದಲ್ಲ, ಕುಣಿಗೆ ಚೆಲ್ಲೋದು” ಎಂದರು ಮಾಸ್ತರು. “ಇದ ಹೊಲಸು.”

ಕಾಕಾನ ಮುಖ ಸಣ್ಣದಾಯಿತು. ನನ್ನ ಕಡೆ ನೋಡಿದರು. “ಹೇಳಿದಷ್ಟು ಮಾಡ್ರಿ ಕಾಕಾ” ಎಂದೆ. ಮೊದಲ ಬಕೀಟು ಕುಣಿಗೆ ಸುರಿಯುವಾಗ ಅವರ ತುಟಿ ಅಲುಗುತ್ತಿತ್ತು, ಶಿವ ಶಿವ ಎನ್ನುತ್ತಿದ್ದರೋ ಏನೋ. ಆದರೆ ಹದಿನೆಂಟು ದಿನ, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಬಿಸಿಲಲ್ಲಿ ಕೂತು ಬುರುಗು ಕಟ್ಟುವುದನ್ನೇ ಕಾಯುವರು, ಒಡೆಯುವ ಮೊದಲೇ ಹಲಗೆ ಹಿಡಿದು ಬಳಿಯುವರು. ಊಟಕ್ಕೂ ಮನೆಗೆ ಹೋಗುತ್ತಿರಲಿಲ್ಲ, ಸಿದ್ದಲಿಂಗವ್ವ ರೊಟ್ಟಿ ತಂದು ಕೊಡುತ್ತಿದ್ದಳು.

ಮಾಸ್ತರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ದಿನಾ ಸಂಜೆ ಹೊರಬೀಳುವ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ, ತಾರೀಖಿನ ಚೀಟಿ ಅಂಟಿಸಿ ಕಿಟಕಿಯಲ್ಲಿ ಸಾಲಾಗಿ ಇಡಬೇಕು. ಹದಿನೆಂಟು ಬಾಟಲಿ, ಹದಿನೆಂಟೂ ತಿಳಿ. ಮಾಬುಬಿ ಒಂದು ದಿನ ಗಟಾರದ ಬಾಯಿಗೆ ಬಂದು ನಿಂತು ನೋಡಿ, “ಖರೆನ ಮಾಡ್ಯಾನ ನಮ್ಮ ಮುದುಕ!” ಎಂದು ಕಾಕಾನ ಬೆನ್ನು ತಟ್ಟಿ ಹೋದಳು. ಬಾವಿಯ ಕೆಂಪೂ ಇಳಿಯುತ್ತ ಬಂದಿತ್ತು. ಕಾಕಾ ನಕ್ಕಿದ್ದನ್ನು ನಾನು ಕಂಡದ್ದು ಆ ದಿನಗಳಲ್ಲೇ.

ಹತ್ತೊಂಬತ್ತನೆಯ ದಿನ, ಶುಕ್ರವಾರ ಬೆಳಿಗ್ಗೆ, ಸಾಹುಕಾರರು ಕರೆದರು. ಗುಳೇದಗುಡ್ಡದ ಅವರ ಬೀಗರ ಬಣ್ಣದ ಮನೆಯಲ್ಲಿ ಪಟಿಕ ತೀರಿತ್ತಂತೆ, ಮದುವೆಯ ಸೀಜನ್ನು, ಕೆಲಸ ನಿಂತಿತ್ತಂತೆ. ಬಾಗಿಲಲ್ಲಿ ಬಂಡಿ ನಿಂತಿತ್ತು.

“ಹನಮಂತ, ಇದ್ದದ್ದರಾಗ ಅರ್ಧ ಚೀಲ ಹೇರಿಸು. ಬೀಗರಿಗೆ ಇಲ್ಲ ಅನ್ನಾಕ ಬರೂದಿಲ್ಲ. ಮಗಳನ್ನ ಕೊಟ್ಟೇನಿ.”

“ಟಾಕಿಗೆ ಅಳತಿ ತಪ್ಪಬಾರದು ಅಂದಾರ್ರಿ ಮಾಸ್ತರು...”

“ನಾಕ ದಿನದ ಮಾತು. ಲಾರಿ ಬರತೈತಿ, ಬಂದ ಮ್ಯಾಲ ಪೂರಾ ಹಾಕು. ಅಲ್ಲೀತನಕ ಅರ್ಧದಾಗ ಸಾಗಸು. ಯಾರಿಗೂ ಹೇಳಾಕ ಹೋಗಬ್ಯಾಡ ಮತ್ತ.”

“ಹೂಂ ರಿ” ಎಂದೆ. ಓಣಿಯ ಹೆಂಗಸಿನ ಮೇಲೆ ಹುಲಿಯ ಹಾಗೆ ಬೀಳುತ್ತಿದ್ದ ಗಂಡಸು ನಾನೇ ನೋಡಿರಿ. ಚೀಲ ಹೇರಿಸಿದೆ, ಪೀಪಾಯಿಗೆ ಅರ್ಧ ಅಳತೆ ಹಾಕಿದೆ.

ಅವತ್ತೇ ಬುರುಗು ತೆಳ್ಳಗಾಯಿತು. ಸಾಬೂನಿನ ಬಿಳಿ ನೊರೆಯಷ್ಟೇ ಮೇಲೆ ಬಂತು, ಕೆಂಪು ಕೆಳಗೇ ಉಳಿಯಿತು. ಸಂಜೆಯ ಬಾಟಲಿ ಬಣ್ಣವಾಗಿ ಬಂತು. ಕಾಕಾ ಮೂರು ಸಲ ಹಲಗೆ ಆಡಿಸಿ ನೋಡಿ, ಕಡೆಗೆ ನನ್ನ ಹತ್ತಿರ ಬಂದರು.

“ಮುಕಾದಮರ, ಟಾಕಿಗೆ ಏನೋ ಆಗೇತ್ರಿ. ಬುರುಗಿನ್ಯಾಗ ಸತ್ವ ಇಲ್ಲ. ಏನರ ಕಡಿಮಿ ಬಿದ್ದಿತೇನ್ರಿ?”

ಆಗ ಹೇಳಬಹುದಿತ್ತು. ಕಾಕಾ, ಪಟಿಕ ಅರ್ಧ ಐತಿ, ಬಾಯಿ ಬಿಡಬ್ಯಾಡ್ರಿ ಅಂದಿದ್ದರೆ ಅವರು ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ಆದರೆ ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ.

“ನನಗ ಕಲಸಾಕ ಬಂದಿರೇನು?” ಎಂದು ಹರಿಹಾಯ್ದೆ. “ನಾ ಹಾಕೂದು ಹಾಕೇನಿ. ಬುರುಗು ತಗಿಯೂದು ನಿಮ್ಮ ಕೆಲಸ. ಹೊತ್ತಿಗೆ ಸರಿಯಾಗಿ ತಗೀರಿ, ನೀರು ತಿಳಿ ಆಗತೈತಿ. ಕುಂತಲ್ಲೇ ತೂಕಡಿಸಿದ್ರ ಮತ್ತೇನಾಗತೈತಿ?”

ಅವರು ತೂಕಡಿಸುವವರಲ್ಲ. ಅದು ನನಗೂ ಗೊತ್ತಿತ್ತು. “ಹೌದ್ರಿ, ನನ್ನ ಕಡೆನ ಏನೋ ತಪ್ಪಿರಬೇಕು” ಎಂದು ಹೋಗಿ ಮತ್ತೆ ಟಾಕಿಯ ಮುಂದೆ ಕೂತರು. ಶನಿವಾರ ಹಾಗೇ, ರವಿವಾರ ಹಾಗೇ. ನಾಲ್ಕು ದಿನಕ್ಕೆ ಬರಬೇಕಾದ ಲಾರಿ ಬರಲಿಲ್ಲ. ಸಾಹುಕಾರರನ್ನು ಎರಡು ಸಲ ಕೇಳಿದೆ, “ಬರತೈತಿ ಬಿಡೋ” ಎಂದರು. ಮೂರನೆಯ ಸಲ ಕೇಳುವ ಧೈರ್ಯ ಆಗಲಿಲ್ಲ. ದಿನಾ ಬಾಟಲಿಗೆ ಚೀಟಿ ಅಂಟಿಸಿ ಕಿಟಕಿಯಲ್ಲಿಡುತ್ತ ಹೋದೆ.

ಕಾಕಾ ಮಾತು ಬಿಟ್ಟರು. ಸೋಮವಾರದಿಂದ, ಎಂದರೆ ಇಪ್ಪತ್ತೆರಡನೆಯ ದಿನದಿಂದ, ಎಲ್ಲರಿಗಿಂತ ಮೊದಲು ಬರುವರು, ಕಡೆಗೆ ಹೋಗುವರು. ಸಿದ್ದಲಿಂಗವ್ವ ರೊಟ್ಟಿಯ ಗಂಟಿನ ಜೊತೆ ಇನ್ನೊಂದು ಸಣ್ಣ ಗಂಟು ತರುವುದನ್ನು ನೋಡಿದೆ, ಕೇಳಲಿಲ್ಲ. ನನಗೆ ಅವರ ಮುಖ ನೋಡುವುದೇ ಬೇಡವಾಗಿತ್ತು, ಹಿತ್ತಲಲ್ಲಿ ನಿಲ್ಲುವುದನ್ನೇ ಬಿಟ್ಟೆ. ಪೀಪಾಯಿಯಲ್ಲಿ ಪಟಿಕ ಕರಗಿಸಿ, ನಳ ತಿರುಗಿಸಿ, ಬೆನ್ನು ಮಾಡಿ ಬರುತ್ತಿದ್ದೆ.

ಮೂವತ್ತನೆಯ ದಿನ, ಮಂಗಳವಾರ ಮಧ್ಯಾಹ್ನ, ಹುನಗುಂದದ ಅಧಿಕಾರಿ ಬಂದರು, ಸಂಗಯ್ಯ ಮಾಸ್ತರೂ ಬಂದರು. ಓಣಿಗೆ ಓಣಿಯೇ ಹಿತ್ತಲ ಗೋಡೆಯ ಆಚೆ ನಿಂತಿತ್ತು, ಮುಂದೆ ಮಾಬುಬಿ. ಹೊರಬೀಳುವ ಪೈಪಿನ ಕೆಳಗೆ ಗಾಜಿನ ಲೋಟ ಹಿಡಿದರು. ನೀರು ಕೆಂಪಗಿತ್ತು. ಮೊದಲಿಗಿಂತ ಹೊಲಸಾಗಿ, ಬುಳುಬುಳು ಎನ್ನುತ್ತ, ಒಂದು ಥರ ಹುಳಿವಾಸನೆ ಬೇರೆ. ಅಧಿಕಾರಿ ಲೋಟವನ್ನು ಗೋಡೆಯ ಮೇಲಿಟ್ಟು ಕೈ ಒರೆಸಿಕೊಂಡರು.

ಮಾಸ್ತರು ಟಾಕಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ನೋಡಿದರು. ಟಾಕಿಯ ಗೋಡೆಯ ಮೇಲೆ ಇರುವೆಯ ಸಾಲು ಹತ್ತಿತ್ತು.

“ಟಾಕಿಗೆ ಇರುವಿ ಯಾಕ?” ಎಂದರು.

ಆಮೇಲೆ ಕುಣಿಯ ಹತ್ತಿರ ಹೋದರು. ಕುಣಿ ಒಣಗಿ ಬಿರುಕು ಬಿಟ್ಟಿತ್ತು. ವಾರದಿಂದ ಅಲ್ಲಿ ಒಂದು ಬಕೀಟೂ ಬಿದ್ದಿರಲಿಲ್ಲ. ಮಾಸ್ತರು ಕಾಕಾನ ಕಡೆ ತಿರುಗಿದರು.

“ಕಾಶಪ್ಪನವರ, ಬುರುಗು ಎಲ್ಲಿ ಹಾಕಿದ್ರಿ?”

ಕಾಕಾ ಕೈಮುಗಿದರು. ಹೆದರಿಕೆಯಿಂದಲ್ಲ, ದವಾಖಾನೆಯಲ್ಲಿ ಮಗುವಿನ ಕಾಯಿಲೆ ಹೇಳುವವರ ಹಾಗೆ ಎಲ್ಲವನ್ನೂ ಹೇಳಿದರು. “ಟಾಕಿ ಮುನಿಸಿಕೊಂಡಿತ್ರಿ. ಜೀವ ಎಲ್ಲಾ ದಿನಾ ಚೆಲ್ಲಿ ಚೆಲ್ಲಿ ಸೊರಗಿಸಿದ್ವಿ. ಅದಕ್ಕ ಬುರುಗು ತಗದು ಬಕೀಟಿನ್ಯಾಗ ಇಟ್ಟು, ಸಂಜಿಗೆ ತಿರುಗಿ ಹಾಕಿದೆ. ಬೆಲ್ಲ ಸುಣ್ಣನೂ ಉಣಿಸೇನ್ರಿ. ಬಾನಿ ಆದ್ರ ಎಂಟ ದಿನದಾಗ ಏಳತೈತಿ. ಇನ್ನೆರಡು ದಿನ ಕೊಡ್ರಿ, ಏಳತೈತಿ.”

ಯಾರೋ ನಕ್ಕರು. ಮಾಸ್ತರು ನಗಲಿಲ್ಲ. ತಲೆ ಹಿಡಿದುಕೊಂಡು ಟಾಕಿಯ ಕಟ್ಟೆಯ ಮೇಲೆ ಕೂತರು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಬಾಟಲಿಗಳನ್ನು ನೋಡುತ್ತ ಬಂದು, ಹತ್ತೊಂಬತ್ತನೆಯದರ ಮೇಲೆ ಬೆರಳಿಟ್ಟರು.

“ಹದಿನೆಂಟರ ತನಕ ತಿಳಿ. ಹತ್ತೊಂಬತ್ತರಿಂದ ಕೆಟ್ಟೈತಿ. ಹನಮಂತಪ್ಪ, ಅವತ್ತಿಂದ ಪಟಿಕದ ಅಳತಿ ಏನರ ತಪ್ಪಿತೇನು?”

ಸಾಹುಕಾರರು ನನ್ನನ್ನು ನೋಡಲಿಲ್ಲ. ಆಕಾಶ ನೋಡುತ್ತಿದ್ದರು.

“ಇಲ್ರಿ” ಎಂದೆ. “ದಿನಾ ಪೂರಾ ಹಾಕೇನ್ರಿ. ಚೀಲ ಖಾಲಿ ಆಗ್ಯಾವ ನೋಡ್ರಿ ಬೇಕಾದ್ರ.”

“ಹಂಗಾದ್ರ ಬುರುಗು ತಿರುಗಿ ಹಾಕಾಕ ಹತ್ತಿದ್ದು ಅವತ್ತಿಂದನ ಇರಬೇಕು.” ಮಾಸ್ತರು ಕಾಕಾನನ್ನು ಕೇಳಿದರು: “ಯಾವತ್ತಿಂದ ಹಾಕಿದ್ರಿ? ನೆನಪ ಮಾಡಿಕೊಂಡು ಹೇಳ್ರಿ.”

“ಸೋಮವಾರ್ರಿ” ಎಂದರು ಕಾಕಾ. “ಕೆಡಾಕ ಹತ್ತಿದ ಮ್ಯಾಲ, ಅದಕ್ಕನ...”

“ಸೋಮವಾರ ಅಲ್ಲ ಕಾಕಾ, ಶುಕ್ರವಾರ!” ನನ್ನ ಬಾಯಿ ನನ್ನನ್ನು ಕೇಳದೇ ತೆರೆಯಿತು. ದಿನಾ ಅವರನ್ನು ಗದರಿಸುತ್ತಿದ್ದ ಅದೇ ದನಿ. “ಶುಕ್ರವಾರ ಸಂಜಿಗೆ ನೀವು ಬಕೀಟು ಒಯ್ಯೋದು ನಾ ಕಣ್ಣಾರೆ ನೋಡೇನಿ. ಕುಣಿಗೆ ಹಾಕಾಕ ಹೊಂಟಾರ ಅಂತ ತಿಳಕೊಂಡೆ.”

ಕಾಕಾ ನನ್ನ ಮುಖ ನೋಡಿದರು. ಆಮೇಲೆ ಹಣೆ ಉಜ್ಜಿಕೊಂಡು ಮಾಸ್ತರ ಕಡೆ ತಿರುಗಿದರು.

“ಮುಕಾದಮರು ನೋಡ್ಯಾರಂದ್ರ ಹಂಗ ಇರಬೇಕ್ರಿ. ವಯಸ್ಸಾತು, ವಾರ ನೆನಪಿರೂದಿಲ್ಲ.”

ಗೋಡೆಯ ಆಚೆ ಮಾಬುಬಿ ಎದೆ ಬಡಿದುಕೊಂಡಳು. “ಅಯ್ಯೋ ಮುದುಕಾ! ನಮ್ಮ ಬಾವಿಗೆ ನೀನ ಮಣ್ಣು ಹಾಕಿದ್ಯಲ್ಲೋ! ನಿನ್ನ ಬೆಲ್ಲಕ್ಕಷ್ಟು ಬೆಂಕಿ ಬೀಳಲಿ!” ಉಳಿದವರೂ ದನಿಗೂಡಿಸಿದರು. ಸಿದ್ದಲಿಂಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಬೆಲ್ಲ ಅವಳ ಮನೆಯದೇ ಅಲ್ಲವೇ. ನಾನು ತಲೆ ತಗ್ಗಿಸಿ ಬಾಟಲಿಗಳನ್ನು ಬುಟ್ಟಿಗೆ ತುಂಬತೊಡಗಿದೆ. ಎರಡು ಕೈಜಾರಿ ಒಡೆದವು.

ಮಾರನೆಯ ದಿನ ಕ್ವಾರಿಯಿಂದ ಲಾರಿಗಟ್ಟಲೆ ಕಲ್ಲಿನ ಚೂರು ಬಂದು ಓಣಿಯ ಬಾವಿಯ ಹತ್ತಿರ ಬಿತ್ತು. ನಾನು ಹೋಗಬಾರದೆಂದುಕೊಂಡಿದ್ದೆ, ಹೋದೆ. ಕಲ್ಲು ಬಿದ್ದ ಮೊದಲ ಸದ್ದಿಗೆ ನೀರು ಕಟ್ಟೆಯವರೆಗೆ ಹಾರಿತು. ಮಧ್ಯಾಹ್ನದ ಹೊತ್ತಿಗೆ ಸದ್ದು ಬದಲಾಯಿತು, ಕಲ್ಲಿನ ಮೇಲೆ ಕಲ್ಲು ಬೀಳುವ ಸದ್ದಷ್ಟೇ ಉಳಿಯಿತು. ಕಾಕಾ ತಮ್ಮ ಹೊಸ್ತಿಲ ಮೇಲೆ ಕೂತೇ ಇದ್ದರು. ಯಾರೂ ಅವರ ಹತ್ತಿರ ಹೋಗಲಿಲ್ಲ. ಎಪ್ಪತ್ತು ಮನೆಯ ಆ ಓಣಿಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಅವತ್ತು ಒಬ್ಬರೂ ಒಂದು ಮಾತು ಆಡಿಸಲಿಲ್ಲ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಶನಿವಾರ ಪಟಿಕದ ಲಾರಿ ಬಂತು. ಟಾಕಿ ತೊಳೆಸಿ, ಬೇರೆ ಆಳು ಇಟ್ಟು, ಪೂರಾ ಅಳತೆ ಹಾಕಿದೆ. ಎರಡನೆಯ ದಿನಕ್ಕೆ ನೀರು ಕನ್ನಡಿಯ ಹಾಗೆ ತಿಳಿಯಾಯಿತು. ಕಾರ್ಖಾನೆಯ ನೀರು ತಿಳಿಯಾಗಿದೆ ಎಂದು ಸಾಹುಕಾರರಿಗೆ ಅಧಿಕಾರಿಯ ಕಾಗದವೂ ಸಿಕ್ಕಿತು. ಓಣಿಯವರು ಗಟಾರದ ಬಾಯಿಗೆ ಬಂದು ನೋಡಿದರು. ಮುದುಕ ಹೋದ, ನೀರು ತಿಳಿಯಾಯಿತು ಎಂದು ಅವರಿಗೆ ಇನ್ನು ಸಂಶಯವೇ ಉಳಿಯಲಿಲ್ಲ. ಕೆರೆಯ ಕಡೆಯ ಬೋರಿನ ಸರದಿಯಲ್ಲಿ ಸಿದ್ದಲಿಂಗವ್ವನ ಕೊಡವನ್ನು ಹಿಂದಕ್ಕೆ ಸರಿಸಿ ಇಡುತ್ತಿದ್ದರಂತೆ. ಅವಳು ಕಡೆಗೆ ಆ ಸರದಿಯನ್ನೇ ಬಿಟ್ಟು ಇನ್ನೂ ದೂರದ ಬಾವಿಗೆ ಹೋಗತೊಡಗಿದಳು. ಎರಡು ಸಲ ದಾರಿಯಲ್ಲಿ ಬಿದ್ದಳೆಂದು ಕೇಳಿದೆ. ಬೇರೆ ನೀರಿಗೆ ಬಾನಿ ಒಲಿಯಲಿಲ್ಲ, ವಾಸನೆ ಹೊಡೆಯಿತು, ಕಾಕಾ ಅದನ್ನು ಹೊಲದಲ್ಲಿ ಚೆಲ್ಲಿ ಬಂದರು. ಸಾಹುಕಾರರು ನನ್ನ ಪಗಾರ ಹೆಚ್ಚು ಮಾಡಿದರು. ನಾನು ತೆಗೆದುಕೊಂಡೆ.

ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಹೆಂಡತಿ ಪದ್ಮವ್ವ, ಯಾರದರ ದೃಷ್ಟಿ ಆಗೇತಿ ಎಂದು ಮೆಣಸಿನಕಾಯಿ ನಿವಾಳಿಸಿದಳು. ಅವಳಿಗೂ ಹೇಳಲಿಲ್ಲ. ಮೊದಲ ಮಳೆ ಬಿದ್ದ ಒಂದು ಸಂಜೆ, ಇನ್ನು ತಡೆಯಲಿಕ್ಕಾಗದೆ, ಕಾಕಾನ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕು ಎಂದೇ ಹೋದೆ, ದೇವರಾಣೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಾಕಾ, ಪಟಿಕ ಅರ್ಧ ಹಾಕಿದವ ನಾನು. ನೀವು ಬುರುಗು ತಿರುಗಿ ಹಾಕಿದ್ರೂ ಬಿಟ್ಟರೂ ನೀರು ತಿಳಿ ಆಗತಿದ್ದಿಲ್ಲ. ಇಷ್ಟೇ ಮಾತು. ನಾಳೆ ಓಣಿಯ ಮುಂದೆಯೂ ಹೇಳುತ್ತೇನೆ.

ಕಾಕಾ ಗೋಡೆಗೆ ಒರಗಿ ಕೂತಿದ್ದರು. ತಿಂಗಳೊಪ್ಪತ್ತಿನಲ್ಲಿ ಅರ್ಧ ಆಗಿದ್ದರು. ನನ್ನನ್ನು ನೋಡಿ ಏಳಲು ಹೋದರು.

“ಬರ್ರಿ ಬರ್ರಿ ಮುಕಾದಮರ. ಏ ಇಕಿನ, ಚಾಪಿ ಹಾಸು. ನೀರು ಕೊಡು ಅವರಿಗೆ.”

ಸಿದ್ದಲಿಂಗವ್ವ ಒಂದು ತಂಬಿಗೆ ನೀರು ತಂದಿಟ್ಟಳು. ಎಷ್ಟು ದೂರದಿಂದ ಹೊತ್ತು ತಂದ ನೀರೆಂದು ನನಗೆ ಗೊತ್ತಿತ್ತು. ಆದರೂ ಕುಡಿದೆ.

“ನೀವು ಬಂದದ್ದು ಭಾಳ ಚಲೋ ಆತ್ರಿ” ಎಂದರು ಕಾಕಾ. “ಈ ಮನಿಗೆ ಈಗ ಯಾರೂ ಬರೂದಿಲ್ಲ. ನಿಮ್ಮ ಕೆಲಸ ಕೆಡಿಸಿದವ ನಾನು. ಎಲ್ಲಾರ ಮುಂದ ನನ್ನ ಕಪಾಳಕ್ಕ ಹೊಡದಿದ್ರೂ ಸರಿನ ಇತ್ತು. ನೀವು ವಾರ ಒಂದು ನೆನಪ ಮಾಡಿಕೊಟ್ಟು ಸುಮ್ಮನಾದ್ರಿ. ದೊಡ್ಡ ಮನಸ್ಸು.”

“ಕಾಕಾ...” ಎಂದೆ.

“ಒಂದು ಕೇಳತೇನ್ರಿ. ಖರೆ ಹೇಳಬೇಕು.” ಅವರು ಮುಂದೆ ಬಗ್ಗಿ ನನ್ನ ಮೊಣಕಾಲ ಮೇಲೆ ಕೈ ಇಟ್ಟರು. “ನಿದ್ದಿ ಬರೂದಿಲ್ರಿ ನನಗ. ಒಂದೊಂದು ಸಲ ಅನಸತೈತಿ, ಬುರುಗು ತೆಳ್ಳಗಾಗಿದ್ದು ಮೊದಲು, ನಾ ಹಾಕಿದ್ದು ಆಮ್ಯಾಲ ಅಂತ. ಮತ್ತ ಅನಸತೈತಿ, ಇಲ್ಲ, ಮುದುಕನ ತಲಿ ತನ್ನ ತಪ್ಪು ಮುಚ್ಚಾಕ ಸುಳ್ಳು ಹೆಣೀತೈತಿ ಅಂತ. ನೀವು ಕಲ್ತವರು, ಅಲ್ಲೇ ಇದ್ದವರು. ನಾ ಆ ಬುರುಗು ತಿರುಗಿ ಹಾಕದ ಇದ್ದಿದ್ರ ಬಾವಿ ಉಳೀತಿತ್ತೇನ್ರಿ?”

ಸಿದ್ದಲಿಂಗವ್ವ ಒಳಬಾಗಿಲಲ್ಲಿ ನಿಂತಿದ್ದಳು. ಅವಳೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸಾಹುಕಾರರ ಮುಖ ಕಣ್ಣ ಮುಂದೆ ಬಂತು, ಪಗಾರ ಬಂತು, ಗೋಡೆಯಾಚೆಯ ಮಾಬುಬಿ ಬಂದಳು, ಊರಲ್ಲಿ ಮಕ್ಕಳು ತಲೆಯೆತ್ತಿ ತಿರುಗುವುದು ಹೇಗೆ ಎಂಬುದು ಬಂತು. ಒಂದೇ ಒಂದು ಮಾತು ಬೇಕಾಗಿತ್ತು. ಅದನ್ನು ಹೇಳಲಿಕ್ಕೆಂದೇ ಮಳೆಯಲ್ಲಿ ನೆನೆದು ಬಂದಿದ್ದೆ.

“ಉಳೀತಿತ್ತು ಕಾಕಾ” ಎಂದೆ.

ಅವರು ನಿಧಾನ ತಲೆ ಆಡಿಸಿದರು. ನನ್ನ ಮೊಣಕಾಲ ಮೇಲಿದ್ದ ಕೈಯನ್ನು ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

“ಹಂಗಾದ್ರ ಓಣಿಯವರು ಅನ್ನೂದು ಬರೋಬ್ಬರಿ ಐತಿ” ಎಂದು ಹೆಂಡತಿಯ ಕಡೆ ತಿರುಗಿ ಹೇಳಿದರು. “ಇನ್ನ ಮ್ಯಾಲ ಅವರ ಮ್ಯಾಲ ಸಿಟ್ಟಾಗಬ್ಯಾಡ.”